ಲಿಂಬೆ ಮುಳ್ಳು, ಕೀವು ಮತ್ತು ಬಿಳಿ ರಕ್ತಕಣ

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಪೇಚು ಹೊಸತಲ್ಲ. ಪುಸ್ತಕದಲ್ಲಿ ‘ಬಿಳಿ ರಕ್ತಕಣ’, ಮಲಯಾಳಂ ಟೀಚರ ಬಾಯಲ್ಲಿ ‘ಶ್ವೇತರಕ್ತಾಣು’, ಲ್ಯಾಬಿನವರ ಬಾಯಲ್ಲಿ ‘ಡಬ್ಲ್ಯೂಬಿಸಿ’. ಮೂರೂ ಒಂದೇ. ಅದರ ಮೇಲೆ ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್, ಇಯೋಸಿನೋಫಿಲ್, ಬೇಸೋಫಿಲ್ ಎಂದು ಅದರ ಐದು ಬಗೆಗಳ ಹೆಸರು. ಉರು ಹೊಡೆದು ಎರಡು ಸಲ ಮರೆತಿದ್ದೇನೆ. ಯಾವುದು ಯಾವಾಗ ಬರುತ್ತದೆ ಎಂದು ತಿಳಿದ ಮೇಲೆ ಮರೆತಿಲ್ಲ.

ಕಳೆದ ಮಳೆಗಾಲ ಬದಿಯಡ್ಕದ ಅಜ್ಜನ ಮನೆಯ ತೋಟಕ್ಕೆ ಬರಿಗಾಲಲ್ಲಿ ಇಳಿದು ಹೆಬ್ಬೆರಳ ಬುಡಕ್ಕೆ ಲಿಂಬೆ ಮುಳ್ಳು ಚುಚ್ಚಿಸಿಕೊಂಡೆ. ಎಳೆದು ತೆಗೆದರೂ ತುದಿ ಒಳಗೇ ಮುರಿದಿತ್ತು. ಸಂಜೆಗೆ ಜಾಗ ಕೆಂಪಾಗಿ ಬಿಸಿಯೇರಿ ಊದಿತು. ಮೂರನೇ ದಿನ ಕೀವು, ಜ್ವರ, ತೊಡೆಸಂದಿಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಪಾಠವೆಲ್ಲ ಇಷ್ಟರಲ್ಲೇ ಇದೆ.

ಮೊದಲು ಸಂಜೆಯ ಊತ. ಚರ್ಮದೊಳಗೆ ಮೊದಲೇ ಬೀಡುಬಿಟ್ಟಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಹರಿಯುತ್ತದೆ, ಅದಕ್ಕೇ ಕೆಂಪು ಮತ್ತು ಬಿಸಿ. ನಾಳದ ಗೋಡೆಯ ಸಂದು ಸಡಿಲವಾಗಿ ನೀರಿನಂಶ ಹೊರಗೆ ಒಸರುತ್ತದೆ, ಅದೇ ಊತ.

ಆ ಗೋಡೆ ಒಳಗಿನಿಂದ ಅಂಟಂಟಾಗುವುದೂ ಆಗಲೇ. ರಕ್ತದ ಜೊತೆ ಓಡುತ್ತಿದ್ದ ನ್ಯೂಟ್ರೋಫಿಲ್ ಅಲ್ಲಿ ಉರುಳಿ, ನಿಧಾನವಾಗಿ, ನಿಂತು, ಕೋಶಗಳ ಸಂದಿಯಲ್ಲಿ ಮೈ ಕಿರಿದು ಮಾಡಿಕೊಂಡು ಹೊರಗೆ ನುಸುಳುತ್ತದೆ. ಬ್ಯಾಕ್ಟೀರಿಯಾದಿಂದಲೂ ಗಾಯಗೊಂಡ ಕೋಶಗಳಿಂದಲೂ ಹೊರಟ ರಾಸಾಯನಿಕಗಳ ಜಾಡು ಹಿಡಿದು, ಅವು ದಟ್ಟವಾಗಿರುವ ಕಡೆಗೇ ಹೋಗುತ್ತದೆ. ಬ್ಯಾಕ್ಟೀರಿಯಾ ಸಿಕ್ಕಿದರೆ ಸುತ್ತ ಮೈ ಚಾಚಿ ನುಂಗುತ್ತದೆ. ನುಂಗಿದ್ದನ್ನು ಹೇಗೆ ಕೊಲ್ಲುತ್ತದೆ ಎನ್ನುವುದು ನನಗೆ ಬಲು ಇಷ್ಟವಾದ ಭಾಗ. ಅದು ಒಳಗೇ ಹೈಪೋಕ್ಲೋರಸ್ ಆಮ್ಲ ತಯಾರಿಸುತ್ತದೆ. ಮಳೆಗಾಲದಲ್ಲಿ ನಮ್ಮ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಹುಟ್ಟುವುದೂ ಇದೇ ಆಮ್ಲ. ಇದನ್ನು ತಯಾರಿಸುವ ಕಿಣ್ವ ಮೈಯೆಲೋಪೆರಾಕ್ಸಿಡೇಸ್‌ನ ಬಣ್ಣ ಹಸಿರು, ಕೀವು ಕೆಲವೊಮ್ಮೆ ಹಸಿರು ಛಾಯೆಗೆ ತಿರುಗುವುದು ಅದರಿಂದಲೂ ಹೌದು.

ಕೀವು ಹಿಂಡುವಾಗ ಅಜ್ಜಿ, “ಕೆಟ್ಟ ರಕ್ತ, ಹೋಗಲಿ ಬಿಡು ಮಗಾ” ಎಂದರು. ಕೆಟ್ಟ ರಕ್ತ ಅಲ್ಲ ಅಜ್ಜಿ, ಸತ್ತ ನ್ಯೂಟ್ರೋಫಿಲ್‌ಗಳ ರಾಶಿ, ಜೊತೆಗೆ ಸತ್ತ ಬ್ಯಾಕ್ಟೀರಿಯಾ ಮತ್ತು ಕರಗಿದ ಅಂಗಾಂಶ. (ಆಗ ಬಾಯಿಬಿಟ್ಟು ಹೇಳಲಿಲ್ಲ, ನೋವಿನಲ್ಲಿ ಕೂಗುತ್ತಿದ್ದೆ.)

ಕೋಶಗಳು ಹೀಗೆ ಗಾಯಕ್ಕೆ ಮುತ್ತಿಕೊಳ್ಳುವುದನ್ನು ಮುಳ್ಳಿನಿಂದಲೇ ಕಂಡುಕೊಂಡವರು ರಷ್ಯಾದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ, ನೀರಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟು ಬೆಳಗಿನ ತನಕ ಕಾದರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಚಲಿಸುವ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ಇನ್ನು ತೊಡೆಸಂದಿಯ ಗಂಟು. ಎಲ್ಲ ಬಿಳಿ ರಕ್ತಕಣಗಳನ್ನೂ ‘ಸೈನಿಕರು’ ಎಂದು ಬರೆದುಬಿಡುವ ಅಭ್ಯಾಸ ನಮಗಿದೆ. ನನಗದು ಒಪ್ಪಿಗೆಯಿಲ್ಲ. ನ್ಯೂಟ್ರೋಫಿಲ್‌ಗೆ ಈ ಬ್ಯಾಕ್ಟೀರಿಯಾ ಹೋದ ವರ್ಷ ಬಂದದ್ದೇ ಎಂಬ ಗುರುತು ಇರುವುದಿಲ್ಲ. ಗುರುತು ಹಿಡಿಯುವುದು ಲಿಂಫೋಸೈಟ್‌ಗಳು. ಗಾಯದಿಂದ ಡೆಂಡ್ರಿಟಿಕ್ ಕೋಶಗಳು ಬ್ಯಾಕ್ಟೀರಿಯಾದ ಚೂರು ಹೊತ್ತು ದುಗ್ಧನಾಳದಲ್ಲಿ ತೊಡೆಸಂದಿಯ ದುಗ್ಧಗ್ರಂಥಿಗೆ ಬರುತ್ತವೆ. ಅಲ್ಲಿರುವ ಅಸಂಖ್ಯ ಲಿಂಫೋಸೈಟ್‌ಗಳಲ್ಲಿ ಆ ಚೂರಿಗೆ ಸರಿಹೊಂದುವವು ಬೆರಳೆಣಿಕೆಯಷ್ಟು. ಅವು ಮಾತ್ರ ಒಡೆದೊಡೆದು ಸಾವಿರಾರು ಆಗುತ್ತವೆ. ಗ್ರಂಥಿ ಊದುವುದು ಇದೇ ಗಡಿಬಿಡಿಗೆ. ಲಿಂಫೋಸೈಟ್‌ಗಳಲ್ಲೇ ಬಿ, ಟಿ ಎಂದು ಬಗೆಗಳಿವೆ. ಬಿ ಕೋಶಗಳು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯ (ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನು) ಸುರಿಸುತ್ತವೆ. ಸಹಾಯಕ ಟಿ ಕೋಶಗಳು ಉಳಿದವನ್ನು ಹುರಿದುಂಬಿಸುತ್ತವೆ, ಎಚ್‌ಐವಿ ಹಾಳುಮಾಡುವುದು ಇವನ್ನೇ. ಕೊಲೆಗಾರ ಟಿ ಕೋಶಗಳು ವೈರಸ್ ಹೊಕ್ಕ ನಮ್ಮದೇ ಕೋಶಗಳನ್ನು ಕೊಲ್ಲುತ್ತವೆ. ಇದಕ್ಕೆಲ್ಲ ಮೊದಲ ಸಲ ಹಲವು ದಿನ ಬೇಕು, ಅಷ್ಟು ದಿನ ಗಾಯದ ಬಳಿ ತಡೆದು ನಿಲ್ಲಿಸಿ ಸಾಯುವುದು ನ್ಯೂಟ್ರೋಫಿಲ್. ಕೊನೆಗೆ ಕೆಲವು ಲಿಂಫೋಸೈಟ್‌ಗಳು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಲಸಿಕೆ ನಂಬಿರುವುದು ಇವನ್ನು.

ಉಳಿದ ಮೂರು ಬೇಗ ಮುಗಿಯುತ್ತವೆ. ಮೋನೋಸೈಟ್ ರಕ್ತದಿಂದ ಹೊರಬಂದು ಮ್ಯಾಕ್ರೋಫೇಜ್ ಆಗಿ ಕಸವನ್ನೂ ನುಂಗುತ್ತದೆ. ಇಯೋಸಿನೋಫಿಲ್ ಹುಳು ಮತ್ತು ಅಲರ್ಜಿಯ ಹೊತ್ತಿಗೆ ಹೆಚ್ಚುತ್ತದೆ. ಬೇಸೋಫಿಲ್ ನೂರಕ್ಕೆ ಒಂದೂ ಇರುವುದಿಲ್ಲ. ಸ್ಲೈಡಿನಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ.

ಈಗ ರಕ್ತಪರೀಕ್ಷೆಯ ರಿಪೋರ್ಟು ಓದುವುದು. ಎಡವುವುದು ಇಲ್ಲೇ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಟ್ಟು 4,000ದಿಂದ 11,000 ಬಿಳಿ ಕಣಗಳಿರುವುದು ಸಾಮಾನ್ಯ. ಜ್ವರದ ದಿನ ನನಗೆ 14,200 ಇತ್ತು. ನ್ಯೂಟ್ರೋಫಿಲ್ ಶೇ. 82, ಲಿಂಫೋಸೈಟ್ ಶೇ. 14. ಲಿಂಫೋಸೈಟ್ ಎದುರು ‘ಕಡಿಮೆ’ ಎಂಬ ಗುರುತು ನೋಡಿ ಅಪ್ಪ ಗಾಬರಿಯಾದರು. ಗುಣಿಸಿ ನೋಡಿ: 14,200ರ ಶೇ. 14 ಎಂದರೆ 1,988. ಸಾಮಾನ್ಯ ಮಿತಿ 1,000ದಿಂದ 4,000, ಅಂದರೆ ಕೊರತೆಯೇನೂ ಇಲ್ಲ. ನ್ಯೂಟ್ರೋಫಿಲ್ 11,644ಕ್ಕೆ ಏರಿದ್ದರಿಂದ ಇದರ ಪಾಲು ಸಣ್ಣದಾಗಿ ಕಂಡಿತು, ಅಷ್ಟೇ.

ಡೆಂಗಿಯಲ್ಲಿ ಕತೆ ಉಲ್ಟಾ, ಒಟ್ಟು ಸಂಖ್ಯೆಯೇ ಇಳಿಯುತ್ತದೆ. ಒಟ್ಟು 2,800, ನ್ಯೂಟ್ರೋಫಿಲ್ ಶೇ. 50 ಇರುವ ರಿಪೋರ್ಟು ಬಂದರೆ? ಶೇಕಡಾ ಸರಿಯಾಗೇ ಕಾಣುತ್ತದೆ. ನ್ಯೂಟ್ರೋಫಿಲ್ 1,500ಕ್ಕಿಂತ ಕೆಳಗಿಳಿದರೆ ಕಡಿಮೆ ಎಂದು ಲೆಕ್ಕ. ಗುಣಿಸಿ ನೋಡಿ.