ಕೋವಿಡ್ ನೆಗೆಟಿವ್ ಬಂತು, ಕೆಮ್ಮು ಹಾಗೇ ಉಳಿಯಿತು

2019ರಲ್ಲಿ ಭಾರತದಲ್ಲಿ ಸುಮಾರು 24 ಲಕ್ಷ ಟಿ.ಬಿ. ರೋಗಿಗಳ ಹೆಸರು ದಾಖಲಾಗಿತ್ತು. 2020ರಲ್ಲಿ ಅದು 18 ಲಕ್ಷಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರೋಗ ಅಷ್ಟೊಂದು ಕಮ್ಮಿಯಾಗುವುದು ಸಾಧ್ಯವೇ ಇಲ್ಲ. ಕಮ್ಮಿಯಾಗಿದ್ದು ಪರೀಕ್ಷೆ. ಉಳಿದವರಲ್ಲಿ ಹೆಚ್ಚಿನವರು ಮನೆಯಲ್ಲೇ ಕೆಮ್ಮುತ್ತಾ ಕೂತಿದ್ದರು.

ಬಸ್ಸಿರಲಿಲ್ಲ, ಕೂಲಿಯೂ ಇರಲಿಲ್ಲ. ಕೆಮ್ಮಿದರೆ ಎಲ್ಲಿ ಎತ್ತಿಕೊಂಡು ಹೋಗಿ ಕ್ವಾರಂಟೈನ್‌ಗೆ ಹಾಕುತ್ತಾರೋ ಅನ್ನುವ ಭಯ ಬೇರೆ. ಮನೆ ಮನೆಗೆ ಹೋಗಿ ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆಯರು ಕೋವಿಡ್ ಸಮೀಕ್ಷೆಯಲ್ಲಿದ್ದರು. ಲ್ಯಾಬ್ ಟೆಕ್ನಿಷಿಯನ್‌ಗಳೂ ಅಷ್ಟೇ.

ನನಗೆ ಜಾಸ್ತಿ ಕಾಡಿದ್ದು ಯಂತ್ರಗಳ ವಿಷಯ. ಸಿಬಿನ್ಯಾಟ್, ಟ್ರೂನ್ಯಾಟ್ ಎರಡೂ ಟಿ.ಬಿ. ಪತ್ತೆಗೆಂದೇ ನಮ್ಮ ಆಸ್ಪತ್ರೆಗಳಿಗೆ ಬಂದವು. ಟ್ರೂನ್ಯಾಟ್ ಅಂತೂ ಬೆಂಗಳೂರಿನ ಲ್ಯಾಬ್ ಒಂದರಲ್ಲೇ ರೂಪುಗೊಂಡದ್ದು, ಬ್ಯಾಟರಿಯಲ್ಲೂ ಓಡುತ್ತದೆ. 2020ರಲ್ಲಿ ಇವನ್ನು ಕೋವಿಡ್‌ಗೆ ತಿರುಗಿಸಿದರು. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಆಗಿದ್ದೇನು ನೋಡಿ. ಜ್ವರ, ಕೆಮ್ಮು ಅಂತ ಬಂದವರ ಗಂಟಲಿನ ದ್ರವ ತೆಗೆದು ಯಂತ್ರಕ್ಕೆ ಹಾಕಿದರು. ರಿಪೋರ್ಟ್ ನೆಗೆಟಿವ್. ರೋಗಿ ದೇವರಿಗೆ ಕೈ ಮುಗಿದು ಮನೆಗೆ ಹೋದ. ಅದೇ ಯಂತ್ರಕ್ಕೆ ಬೇರೆ ಚಿಪ್ ಹಾಕಿ ಅವನ ಕಫ ಪರೀಕ್ಷಿಸಿದ್ದರೆ ಅವತ್ತೇ ಟಿ.ಬಿ. ಸಿಗುತ್ತಿತ್ತು! ಎರಡೂ ರೋಗಕ್ಕೆ ಒಟ್ಟಿಗೆ ಪರೀಕ್ಷೆ ಮಾಡಿ ಅನ್ನುವ ಸರ್ಕಾರದ ಸೂಚನೆ ಬಂತು, ನಿಜ. ಸಾಲುಗಟ್ಟಿ ನಿಂತ ಜನರ ಮುಂದೆ ಅದನ್ನು ಪಾಲಿಸಲು ಯಾರಿಗೆ ಪುರುಸೊತ್ತಿತ್ತು?

ಕಫ ಅಂದರೆ ಉಗುಳಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯೊಳಗಿಂದ ಕೆಮ್ಮಿ ತೆಗೆಯಬೇಕು. ಇದನ್ನು ಎದುರು ನಿಂತು ಹೇಳಿಕೊಡಬೇಕಾಗುತ್ತದೆ. ಆ ದಿನಗಳಲ್ಲಿ ಕೆಮ್ಮುವವರ ಎದುರು ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಡೋನೇಷ್ಯಾ, ಫಿಲಿಪೈನ್ಸ್‌ನಲ್ಲೂ ಇದೇ ಕಥೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 15 ಲಕ್ಷ ಜನ ಟಿ.ಬಿ.ಯಿಂದ ಸತ್ತರು. ಒಂದು ದಶಕಕ್ಕೂ ಹೆಚ್ಚು ಕಾಲದ ನಂತರ ಸಾವಿನ ಲೆಕ್ಕ ಮೇಲೇರಿದ್ದು ಆ ವರ್ಷವೇ.

ಮಾಸ್ಕ್ ಹಾಕಿದ್ದು ಒಳ್ಳೆಯದಾಯಿತಲ್ವಾ ಅಂತ ಕೆಲವರು ಕೇಳುತ್ತಾರೆ. ಬಸ್ಸಿನಲ್ಲಿ, ಸಂತೆಯಲ್ಲಿ ಸ್ವಲ್ಪ ಆಗಿರಬಹುದು. ಒಂದೇ ಕೋಣೆಯ ಮನೆಯಲ್ಲಿ ಆರು ಜನ ಮಲಗುವಾಗ ಯಾರು ಮಾಸ್ಕ್ ಹಾಕುತ್ತಾರೆ? ಚಿಕಿತ್ಸೆ ಇಲ್ಲದ ಒಬ್ಬ ರೋಗಿ ವರ್ಷದಲ್ಲಿ ಹತ್ತು ಹದಿನೈದು ಜನಕ್ಕೆ ಸೋಂಕು ದಾಟಿಸಬಲ್ಲ. ಅವರಲ್ಲಿ ಕೆಲವರಿಗೆ ಕಾಯಿಲೆ ಕಾಣಿಸುವುದು ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ.

2022ರಲ್ಲಿ ದಾಖಲಾತಿ ಮತ್ತೆ 24 ಲಕ್ಷ ದಾಟಿತು. ಟಿ.ಬಿ. ಜಾಸ್ತಿಯಾಯಿತು ಅಂತ ಹಲವರು ಗಾಬರಿಯಾದರು, ನನಗೆ ಸಮಾಧಾನವೇ ಆಯಿತು. ಆದರೆ ತಡವಾಗಿ ಬಂದವರ ಎಕ್ಸ್‌-ರೇ ನೋಡಿದಾಗ ಆ ಸಮಾಧಾನ ಉಳಿಯುವುದಿಲ್ಲ. ಆರು ತಿಂಗಳ ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ತೂತು ಬಿದ್ದು ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವುದಿಲ್ಲ. ಅಂಥವರು ಈಗ ನಮ್ಮಲ್ಲಿಗೆ ಟಿ.ಬಿ.ಗಲ್ಲ, ಏದುಸಿರಿಗೆ ಇನ್‌ಹೇಲರ್ ಬರೆಸಿಕೊಳ್ಳಲು ಬರುತ್ತಾರೆ.