ಡಿಸ್ಚಾರ್ಜ್ ಆದ ಮೇಲೆ ಮೂಗಿನ ನಳಿ

ಪಾರ್ಶ್ವವಾಯು ಹೊಡೆದವರನ್ನೋ, ಬಾಯಿ-ಗಂಟಲಿನ ಕ್ಯಾನ್ಸರಿಗೆ ಮುಂಬೈಯ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರನ್ನೋ, ಹೊಟ್ಟೆಗೆ ಊಟ ಇಳಿಸಲು ಹಾಕಿದ ಮೂಗಿನ ನಳಿಯ ಸಮೇತ ಮನೆಗೆ ಕಳಿಸಿದಾಗ ಮನೆಯವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಿಸ್ಟರ್, ಏನೇನು ಹಾಕಬಹುದು?" ಡೊಂಬಿವಲಿಯ ಫ್ಲ್ಯಾಟಿನಲ್ಲೂ ಅದೇ, ಸಾಯನ್ನಿನ ಒಂಟಿ ಖೋಲಿಯಲ್ಲೂ ಅದೇ. ಉಣಿಸುವುದೇ ಆರೈಕೆ ಅಂತ ಬೆಳೆದವರು ನಾವು, ಹಾಗೆ ಕೇಳುವುದು ಸಹಜ. ಆದರೆ ಮನೆಗೆ ಬಂದವರು ಮತ್ತೆ ಆಸ್ಪತ್ರೆ ಸೇರುವುದನ್ನು ನಾನು ಕಂಡಿರುವುದು ಏನು ಹಾಕಿದರು ಎಂಬುದಕ್ಕಿಂತ ಹೇಗೆ ಹಾಕಿದರು ಎಂಬ ಕಾರಣಕ್ಕೇ ಹೆಚ್ಚು. ರಾಗಿಯೋ ಡಬ್ಬಿಯ ಪುಡಿಯೋ ಎಂಬ ಚರ್ಚೆ ಸ್ವಲ್ಪ ತಡೆಯಲಿ.

ಮೊದಲು ಕೂರಿಸಬೇಕು. ಸೊಂಟದಿಂದ ಮೇಲಿನ ಮೈ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ತಲೆಯ ಕೆಳಗೆ ಎರಡು ದಿಂಬು ತುರುಕಿದರೆ ಕತ್ತು ಬಾಗುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ, ಅಷ್ಟೇ. ಮುಂಬೈಯಲ್ಲಿ ಫೌಲರ್ ಕಾಟ್, ಅಂದರೆ ತಲೆಯ ಕಡೆ ಮೇಲೆತ್ತಬಹುದಾದ ಆಸ್ಪತ್ರೆಯ ಮಂಚ, ಬಾಡಿಗೆಗೆ ಸಿಗುತ್ತದೆ. ಜಾಗವಿಲ್ಲದ ಮನೆಯಲ್ಲಿ ಗೋಡೆಗೆ ಒರಗಿಸಿ, ಬೆನ್ನ ಹಿಂದೆ ಮಡಚಿದ ಗಾದಿ ಇಟ್ಟರೂ ನಡೆಯುತ್ತದೆ. ಊಟ ಮುಗಿದ ಮೇಲೂ ಮುಕ್ಕಾಲರಿಂದ ಒಂದು ಗಂಟೆ ಹಾಗೇ ಇರಬೇಕು. ತಪ್ಪುವುದು ಇಲ್ಲೇ. ರಾತ್ರಿ ಎಂಟಕ್ಕೆ ಡ್ಯೂಟಿ ಬದಲು, ಬ್ಯೂರೋದಿಂದ ಆರೈಕೆಗೆ ಬಂದ ಮೌಶಿಗೆ (ಕೆಲಸದಾಕೆಗೆ) ಕಲ್ಯಾಣದ ಫಾಸ್ಟ್ ಲೋಕಲ್ ಹಿಡಿಯಬೇಕು. ಏಳೂವರೆಗೆ ಊಟ, ಏಳೂಮುಕ್ಕಾಲಿಗೆ ಅಡ್ಡ ಮಲಗಿಸಿ ಡೈಪರ್ ಬದಲು. ಮೌಶಿಯನ್ನು ಬೈದು ಫಲವಿಲ್ಲ, ವೇಳಾಪಟ್ಟಿ ಬದಲಿಸಿ. ಡೈಪರ್ ಮೊದಲು, ಊಟ ಆಮೇಲೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಪಾರ್ಶ್ವವಾಯುವಾದ ಎಷ್ಟೋ ಜನರಿಗೆ ಆಗ ಕೆಮ್ಮೂ ಬರುವುದಿಲ್ಲ; ಜ್ವರ, ಏದುಸಿರು ಕಾಣಿಸಿಕೊಂಡ ಮೇಲೆಯೇ ನಮಗೆ ಗೊತ್ತಾಗುವುದು.

ಎರಡನೆಯದು, ನಳಿ ತನ್ನ ಜಾಗದಲ್ಲೇ ಇದೆಯೇ? ರೈಲ್ಸ್ ಟ್ಯೂಬ್ ಎನ್ನುವ ಈ ಮೂಗಿನ ನಳಿಯ ಮೇಲೆ ಗುರುತುಗಳಿರುತ್ತವೆ. ಆಸ್ಪತ್ರೆ ಬಿಡುವ ಮುಂಚೆಯೇ ಮೂಗಿನ ಹೊಳ್ಳೆಯ ಬಳಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಸಿಕೊಂಡು, ಎಷ್ಟು ಸೆಂಟಿಮೀಟರ್ ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಊಟಕ್ಕೂ ಮುಂಚೆ ಆ ಗೆರೆ ನೋಡಬೇಕು, ಬಾಯಿ ತೆರೆಸಿ ಟಾರ್ಚ್ ಬಿಟ್ಟು ಗಂಟಲಲ್ಲಿ ನಳಿ ಸುರುಳಿ ಸುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಸಿರಿಂಜಿನಿಂದ ಸ್ವಲ್ಪ ಹೊರಗೆಳೆದು, ಬಂದ ದ್ರವವನ್ನು ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿಗೆ ತಾಗಿಸಿ, 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯದೇ. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ನಡೆಯುತ್ತಿದ್ದರೆ ಅಂಕಿ ಮೇಲೇರಬಹುದು, ಅದನ್ನು ಡಾಕ್ಟರರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಗಾಳಿ ಊದಿ ಸ್ಟೆತಾಸ್ಕೋಪಿನಲ್ಲಿ 'ಗುರ್' ಸದ್ದು ಕೇಳುವ ಹಳೆಯ ಪದ್ಧತಿ ಇನ್ನೂ ಎಲ್ಲೆಡೆ ಚಾಲ್ತಿಯಲ್ಲಿದೆ. ಅದನ್ನು ನಂಬಬೇಡಿ. ನಳಿಯ ತುದಿ ಅನ್ನನಾಳದಲ್ಲಿದ್ದರೂ, ಶ್ವಾಸನಾಳದಲ್ಲಿದ್ದರೂ ಅಂಥದೇ ಸದ್ದು ಕೇಳಿಸಬಹುದು.

ಅನುಮಾನ ಬಂದರೆ ಆ ಹೊತ್ತಿನ ಊಟ ನಿಲ್ಲಿಸಿ. ಒಂದು ಹೊತ್ತು ತಪ್ಪಿದರೆ ಆಗುವ ಹಾನಿ, ಒಂದು ಲೋಟ ಗಂಜಿ ಶ್ವಾಸಕೋಶಕ್ಕೆ ಹೋದರೆ ಆಗುವ ಹಾನಿಯ ಮುಂದೆ ಏನೂ ಅಲ್ಲ. (ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.) ಅರ್ಧ ಹೊರಬಂದ ನಳಿಯನ್ನು ಒಳಗೆ ತಳ್ಳುವ ಸಾಹಸ ಮಾತ್ರ ಬೇಡ.

ಹಾಕುವ ಕೆಲಸಕ್ಕೆ ತಾಳ್ಮೆಯೊಂದಿದ್ದರೆ ಸಾಕು. 50 ಅಥವಾ 60 ಮಿ.ಲೀ. ಸಿರಿಂಜಿನ ದಂಡ ಕಳಚಿ, ಬರೀ ಕೊಳವೆಯನ್ನು ಎತ್ತಿ ಹಿಡಿದು, ತಾನಾಗಿ ಇಳಿಯಲು ಬಿಡಿ. 200-250 ಮಿ.ಲೀ.ಗೆ ಇಪ್ಪತ್ತು ನಿಮಿಷವಾದರೂ ಬೇಕು. ಮೊದಲೂ ಕೊನೆಯಲ್ಲೂ ಸುಮಾರು 30 ಮಿ.ಲೀ. ನೀರು, ಕುದಿಸಿ ಆರಿಸಿದ್ದು. ಹೃದಯ, ಕಿಡ್ನಿಯ ತೊಂದರೆಯಿಂದ ನೀರಿಗೆ ಮಿತಿ ಹಾಕಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಳಿ ಕಟ್ಟಿಕೊಳ್ಳಲು ಮುಖ್ಯ ಕಾರಣ ಮಾತ್ರೆಗಳು. ಎಲ್ಲವನ್ನೂ ಒಟ್ಟಿಗೆ ಕುಟ್ಟಿ ಗಂಜಿಗೆ ಬೆರೆಸುವುದನ್ನು ಬಿಡಿ. ಒಂದೊಂದನ್ನೂ ಬೇರೆ ಬೇರೆ ನುಣ್ಣಗೆ ಪುಡಿ ಮಾಡಿ, ನೀರಲ್ಲಿ ಕರಗಿಸಿ, ನಡುವೆ ನೀರು ಬಿಡಬೇಕು. ಹೆಸರಿನ ಹಿಂದೆ ಎಸ್‌ಆರ್, ಎಕ್ಸ್‌ಎಲ್, ಸಿಆರ್ ಅಂತಿದ್ದರೆ ಆ ಮಾತ್ರೆ ಕುಟ್ಟುವಂತಿಲ್ಲ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಂದೇ ಸಲ ಮೈಗೇರುತ್ತದೆ. ಬದಲಿ ಬರೆದುಕೊಡಲು ಡಾಕ್ಟರನ್ನೇ ಕೇಳಿ. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಊಟದ ಜತೆ ಸೇರಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಅಂತರ ಬೇಕು. ಮಲಬದ್ಧತೆಗೆಂದು ಇಸಬ್ಗೋಲನ್ನು ನಳಿಗೆ ಸುರಿಯುವುದಂತೂ ಬೇಡವೇ ಬೇಡ, ಒಳಗೇ ಉಬ್ಬಿ ಕೂತುಬಿಡುತ್ತದೆ. ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರು ದೊಡ್ಡ ಸಿರಿಂಜಿನಲ್ಲಿ ಮೆಲ್ಲಗೆ ಒತ್ತಿ, ಎಳೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ತಂತಿ, ಕೋಲಾ ಇವೆರಡೂ ಬೇಡ. ಸಣ್ಣ ಸಿರಿಂಜಿನ ಒತ್ತಡ ಜಾಸ್ತಿ, ನಳಿಯೇ ಒಡೆಯಬಹುದು.

ಈಗ ಅಡುಗೆಮನೆಗೆ ಬರೋಣ. ನಮ್ಮವರ ಮೊದಲ ಆಯ್ಕೆ ಬೇಳೆಕಟ್ಟು, ಗಂಜಿತಿಳಿ, ಎಳನೀರು. ನಳಿಯಲ್ಲಿ ಸಲೀಸಾಗಿ ಇಳಿಯುತ್ತವೆ, ಮನಸ್ಸಿಗೆ ಸಮಾಧಾನ. ಆದರೆ ಅವು ಬಹುಪಾಲು ನೀರೇ. ದೊಡ್ಡವರಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 25-30 ಕ್ಯಾಲರಿ ಬೇಕು, ಅಂದರೆ 50 ಕಿಲೋದವರಿಗೆ 1,250ರಿಂದ 1,500. ಎರಡು ಲೀಟರ್ ಬೇಳೆಕಟ್ಟು ಕುಡಿಸಿಯೂ ತೋಳು ಬತ್ತಿ, ಬೆನ್ನಲ್ಲಿ ಹುಣ್ಣಾದ ಅಜ್ಜಿಯರನ್ನು ನೋಡಿದ್ದೇನೆ. ಇನ್ನು ರಾಗಿ. ಮಾಮೂಲಿ ರಾಗಿಹಿಟ್ಟಿನ ಗಂಜಿ ಆರಿದೊಡನೆ ಮಂದವಾಗುತ್ತದೆ, ತೆಳ್ಳಗೆ ಮಾಡಿದರೆ ಸತ್ವ ಕಮ್ಮಿ. ಉಪಾಯ ನಮ್ಮ ಅಜ್ಜಿಯರದೇ: ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮುರಿಯುವುದರಿಂದ ಗಂಜಿ ತೆಳ್ಳಗಾಗುತ್ತದೆ; ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಕೆಂಪಗೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಎಚ್ಚರ. ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಸೋಸಿ. ಜತೆಗೆ ಹಾಲು, ಎಣ್ಣೆ, ಬೇಯಿಸಿ ರುಬ್ಬಿದ ಮೊಟ್ಟೆಯ ಬಿಳಿ ಅಥವಾ ಡಯೆಟಿಷಿಯನ್ ಹೇಳಿದ ಪ್ರೋಟೀನು.

ಬಾಯಿಗೆ ರುಚಿ ಸಿಗದ ಊಟಕ್ಕೆ ಉಪ್ಪು ಯಾಕೆ ಎಂದು ಬಿಟ್ಟುಬಿಡುವವರು ಬಹಳ. ವಯಸ್ಸಾದವರು ದಿನವಿಡೀ ಮಂಪರಿನಲ್ಲಿದ್ದು ಮಾತು ತೊದಲಿದರೆ, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಎಷ್ಟು ಉಪ್ಪು ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಬೇಡಿ. ಕೆಇಎಂ, ಸಾಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲೂ ಡಯೆಟಿಷಿಯನ್ ಇರುತ್ತಾರೆ, ಚೀಟಿಯ ಮೇಲೆ ಬರೆಸಿಕೊಳ್ಳಿ. ಡಬ್ಬಿಯ ಪುಡಿ ದುಬಾರಿ, ನಿಜ. ಹಾಗಂತ ಎರಡು ಚಮಚದ ಕಡೆ ಒಂದು ಹಾಕಿದರೆ ಹಣವೂ ಹೋಯಿತು, ಪೋಷಣೆಯೂ ಹೋಯಿತು. ಮನೆಯಲ್ಲಿ ಮಾಡಿದ್ದನ್ನು ಮುಂಬೈಯ ಸೆಕೆಗೆ ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು, ಫ್ರಿಜ್ಜಿನಲ್ಲಿಟ್ಟರೆ 24 ಗಂಟೆ. ಭೇದಿ ಶುರುವಾದರೆ ಎಲ್ಲರೂ ಹಾಲನ್ನೇ ದೂರುತ್ತಾರೆ. ಸರಿಯಾಗಿ ತೊಳೆಯದ ಸಿರಿಂಜು, ಆಂಟಿಬಯಾಟಿಕ್, ಸಿಹಿ ಸಿರಪ್ಪುಗಳನ್ನೂ ನೋಡಿ.

ಬಾಯಿಂದ ತಿನ್ನದವರ ಬಾಯಿ ತೊಳೆಯುವುದೇಕೆ ಎಂದೂ ಕೇಳುತ್ತಾರೆ. ತಿನ್ನದ ಬಾಯಲ್ಲೇ ರೋಗಾಣು ಜಾಸ್ತಿ. ಆ ಎಂಜಲು ಶ್ವಾಸಕೋಶಕ್ಕೆ ಜಾರುತ್ತಲೇ ಇರುತ್ತದೆ. ದಿನಕ್ಕೆರಡು ಸಲ ಮೆತ್ತನೆಯ ಬ್ರಷ್, ಒರೆಸಲು ಗಾಜ್ ಬಟ್ಟೆ. ನೋಡಲು ಬಂದ ನೆಂಟರು ಎರಡು ಚಮಚ ತೀರ್ಥ ಬಿಟ್ಟು ಹೋಗುವುದಿದೆಯಲ್ಲ, ಅದಕ್ಕೆ ಮನೆಯವರು ಗಟ್ಟಿಯಾಗಿ ಬೇಡ ಅನ್ನಬೇಕು. ನುಂಗಲಾಗದವರಿಗೆ ಗಟ್ಟಿ ಪದಾರ್ಥಕ್ಕಿಂತ ತೆಳ್ಳನೆಯ ನೀರೇ ಅನೇಕ ಸಲ ಅಪಾಯ, ಅದು ಗಂಟಲು ಸಾವರಿಸಿಕೊಳ್ಳುವ ಮುಂಚೆಯೇ ಜಾರುತ್ತದೆ. ತುಳಸಿ ಎಲೆ ಅದ್ದಿ ತುಟಿಗೆ ಸವರಿ, ಸಾಕು.

ನಾಲ್ಕರಿಂದ ಆರು ವಾರ ದಾಟುವ ಲಕ್ಷಣವಿದ್ದರೆ ಪೆಗ್ ಬಗ್ಗೆ ಕೇಳಿ. ಎಂಡೋಸ್ಕೋಪಿ ಮೂಲಕ ಹೊಟ್ಟೆಗೆ ನೇರ ನಳಿ ಇಡುವ ಈ ವಿಧಾನವನ್ನು ಅಮೆರಿಕದ ಗಾಡರರ್ ಮತ್ತು ಪಾನ್ಸ್ಕಿ 1980ರಲ್ಲಿ ಪ್ರಕಟಿಸಿದರು. ಹೊಟ್ಟೆಗೆ ತೂತು ಎಂದರೆ ಮನೆಯವರು ಬೆಚ್ಚುತ್ತಾರೆ. ಆದರೆ ಮೂಗು ಹುಣ್ಣಾಗುವುದು, ರಾತ್ರಿ ಕಿತ್ತುಕೊಳ್ಳುವುದು ತಪ್ಪುತ್ತದೆ. ಪೆಗ್ ಕಿತ್ತುಬಂದರೆ ಸ್ವಚ್ಛ ಗಾಜ್ ಮುಚ್ಚಿ ತಕ್ಷಣ ಆಸ್ಪತ್ರೆಗೆ ಹೋಗಿ, ಆ ದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಬಹುದು. ಮುಂದುವರಿದ ಮರೆವಿನ ಕಾಯಿಲೆಯವರ ವಿಷಯ ಬೇರೆ. ಅವರಿಗೆ ನಳಿಯಿಂದ ಆಯುಸ್ಸು ಹೆಚ್ಚುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಕೈಯಾರೆ ನಿಧಾನವಾಗಿ ತಿನ್ನಿಸುವುದೇ ಲೇಸೇ ಎಂದು ಡಾಕ್ಟರರ ಜತೆ ಕೂತು ಮಾತಾಡಿ.

ಪಾರ್ಶ್ವವಾಯುವಾದವರಲ್ಲಿ ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ, ಆದರೂ ಯಾರೂ ಪರೀಕ್ಷಿಸದ ಕಾರಣಕ್ಕೇ ನಳಿ ಉಳಿದುಬಿಡುತ್ತದೆ. ಮುಂದಿನ ಒಪಿಡಿಯಲ್ಲಿ ಸ್ಪೀಚ್ ಥೆರಪಿಸ್ಟರಿಂದ ನುಂಗುವ ಪರೀಕ್ಷೆ ಆಗಲಿ ಎಂದು ನೀವೇ ಕೇಳಿ. ಚಿಕಿತ್ಸೆ ಮುಗಿಸಿ ಕಲಬುರಗಿ, ವಿಜಯಪುರದ ಕಡೆ ಹೊರಟವರು ನಳಿಯ ಸೈಜು, ಹಾಕಿದ ತಾರೀಖು, ಮೂಗಿನ ಬಳಿಯ ಸೆಂಟಿಮೀಟರ್, ಯಾವಾಗ ಬದಲಿಸಬೇಕು, ಇವಿಷ್ಟನ್ನೂ ಡಿಸ್ಚಾರ್ಜ್ ಕಾರ್ಡಿನ ಮೇಲೆ ಬರೆಸಿಕೊಂಡು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಊರಿನ ಡಾಕ್ಟರು ಮೊದಲು ಕೇಳುವುದು ಇದನ್ನೇ.