ಅಸ್ಮಿತೆ: ನೋಡುತ್ತ ನೋಡುತ್ತ ಆದ ‘ನಾನು’

ಆರು ವರ್ಷದ ನನ್ನ ಮೊಮ್ಮಗಳು ನನ್ನನ್ನು ‘ಅಜ್ಜಿ’ ಎಂದು ಕರೆಯುತ್ತಾಳೆ. ನಮ್ಮ ಮನೆಯಲ್ಲಿ ಆ ಪದವನ್ನು ಅವಳಿಗೆ ಯಾರೂ ಕಲಿಸಿಲ್ಲ. ನಾನು ನನ್ನ ತಂದೆಯ ತಾಯಿಯನ್ನು ‘ಆಯಿ’ ಎಂದೆ, ನನ್ನ ಮಕ್ಕಳು ನಮ್ಮ ಅತ್ತೆಯವರನ್ನು ‘ಆಯಿ’ ಎಂದರು. ಕಲಬುರಗಿಯ ನಮ್ಮ ಓಣಿಯಲ್ಲಿ ವಯಸ್ಸಾದ ಹೆಂಗಸರೆಲ್ಲ ಇಂದಿಗೂ ಆಯಿಗಳೇ. ‘ಅಜ್ಜಿ’ ಬಂದದ್ದು ಟಿವಿಯಿಂದ, ಆಮೇಲೆ ಮೊಬೈಲ್‌ನ ಮಕ್ಕಳ ಹಾಡುಗಳಿಂದ. ಕರೆದರೆ ಓಗೊಡುತ್ತೇನೆ, ಎತ್ತಿಕೊಂಡು ಮುದ್ದಿಸುತ್ತೇನೆ. ಆದರೂ ಅವಳು ಕರೆದದ್ದು ನನ್ನನ್ನೋ, ಪರದೆಯೊಳಗಿನ ಇನ್ನಾವುದೋ ಮುದುಕಿಯನ್ನೋ ಎಂಬ ಅನುಮಾನ ಪ್ರತಿಸಲವೂ ಮನಸ್ಸಿನಲ್ಲಿ ಹಾದುಹೋಗುತ್ತದೆ. ಈ ಸಲ ‘ಅಸ್ಮಿತೆ’ ಎಂಬ ಪದವನ್ನು ಎತ್ತಿಕೊಳ್ಳಲು ಅದೇ ಕಾರಣ.

ಸಂಸ್ಕೃತದಲ್ಲಿ ‘ಅಸ್ಮಿ’ ಎಂದರೆ ‘ಇದ್ದೇನೆ’. ಅದಕ್ಕೆ ‘ತಾ’ ಪ್ರತ್ಯಯ ಸೇರಿ ‘ಅಸ್ಮಿತಾ’ ಆಯಿತು, ಅಂದರೆ ‘ನಾನು ಇದ್ದೇನೆ’ ಎಂಬ ಭಾವ. ಕನ್ನಡಕ್ಕೆ ಬಂದಾಗ ಎಂದಿನಂತೆ ಕೊನೆಯ ಆಕಾರ ಎಕಾರವಾಯಿತು. ‘ಗುರುತು’ ಎಂಬ ಪದವೂ ನಮ್ಮಲ್ಲಿದೆ. ಆದರೆ ಗುರುತು ಇನ್ನೊಬ್ಬರು ನಮ್ಮನ್ನು ಪತ್ತೆ ಹಚ್ಚುವ ಚಿಹ್ನೆ. ಗುರುತಿನ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಅಸ್ಮಿತೆ ನಾವೇ ನಮ್ಮನ್ನು ಒಳಗಿನಿಂದ ಬಲ್ಲ ಬಗೆ.

ಇಂದು ‘ಕನ್ನಡದ ಅಸ್ಮಿತೆ’, ‘ಪ್ರಾದೇಶಿಕ ಅಸ್ಮಿತೆ’ ಎಂದು ಭಾಷಣಗಳಲ್ಲಿ ಹೆಮ್ಮೆಯಿಂದ ಬಳಸುವ ಈ ಪದಕ್ಕೆ ಹಿಂದೆ ಬೇರೆ ಬಣ್ಣವಿತ್ತು. ಪತಂಜಲಿಯ ಯೋಗಸೂತ್ರದಲ್ಲಿ ಅಸ್ಮಿತೆ ಐದು ಕ್ಲೇಶಗಳಲ್ಲಿ, ಅಂದರೆ ಮನಸ್ಸನ್ನು ಬಾಧಿಸುವ ದೋಷಗಳಲ್ಲಿ ಒಂದು. ಅವಿದ್ಯೆ, ರಾಗ, ದ್ವೇಷ, ಅಭಿನಿವೇಶ ಉಳಿದ ನಾಲ್ಕು. ಎರಡನೆಯ ಪಾದದ ಆರನೆಯ ಸೂತ್ರ ಅದನ್ನು ವಿವರಿಸುತ್ತದೆ: ನೋಡುವವನ ಶಕ್ತಿಯೂ ನೋಡುವ ಸಾಧನದ ಶಕ್ತಿಯೂ ಒಂದೇ ಎಂಬಂತೆ ತೋರುವುದೇ ಅಸ್ಮಿತೆ. ಅಲ್ಲಿ ಸಾಧನವೆಂದರೆ ಬುದ್ಧಿ. ಅದನ್ನು ಟಿವಿ, ಮೊಬೈಲ್‌ಗಳವರೆಗೆ ಎಳೆಯುತ್ತಿರುವವಳು ನಾನು. ಆದರೆ ಐವತ್ತು ವರ್ಷ ಪರದೆ ನೋಡಿದ ಮೇಲೆ, ‘ನಾನು’ ಎಂದು ನಾನು ತಿಳಿದುಕೊಂಡಿರುವುದರಲ್ಲಿ ನನ್ನದೆಷ್ಟು, ನೋಡಿದ್ದೆಷ್ಟು ಎಂದು ಕೇಳಿಕೊಳ್ಳಲು ಇದಕ್ಕಿಂತ ನೇರವಾದ ಮಾತು ನನಗೆ ಸಿಕ್ಕಿಲ್ಲ.

ಪರದೆಯನ್ನು ನಾನು ಮೊದಲು ಕಂಡದ್ದು 1975ರಲ್ಲಿ, ಎಂಟನೆಯ ವಯಸ್ಸಿಗೆ, ಹಳ್ಳಿಯ ಶಾಲೆಯಲ್ಲಿ. ಆ ಹಳ್ಳಿ ಈಗ ಯಾದಗಿರಿ ಜಿಲ್ಲೆಯಲ್ಲಿದೆ, ಆಗ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು ಹಳ್ಳಿಗಳಿಗೆ ಟಿವಿ ತಲುಪಿಸಲು ಭಾರತ ನಡೆಸಿದ ಆ ಪ್ರಯೋಗವನ್ನು ‘ಸೈಟ್’ ಎಂದು ಕರೆಯುತ್ತಾರೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಅದು ನಡೆಯಿತು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ, ಮೂರು ಮೀಟರ್‌ನಷ್ಟು ಅಗಲದ ದೊಡ್ಡ ಬುಟ್ಟಿಯಂಥ ಆಂಟೆನಾ. ಒಳಗೆ ಒಂದು ಕಪ್ಪು ಬಿಳುಪು ಟಿವಿ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ. ನಮ್ಮ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಸಂಜೆ ಅರ್ಧ ಗಂಟೆ ದಿಲ್ಲಿಯ ಹಿಂದಿ ಕಾರ್ಯಕ್ರಮವೂ ಇರುತ್ತಿತ್ತು. ಮುಂದೆ 1977ರಲ್ಲಿ ಕಲಬುರಗಿಯಲ್ಲೇ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಹಿಂದುಳಿದವರೆಂದು ಕರೆಸಿಕೊಳ್ಳುವ ನಾವು ನೋಡುವುದರಲ್ಲಿ ರಾಜಧಾನಿಗಿಂತ ಮುಂದಿದ್ದೆವು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಆ ಶಾಲೆಯ ಅಂಗಳದಲ್ಲಿ ನನ್ನ ಆಯಿಯೂ ಬಂದು ಕುಳಿತಿದ್ದಳು. ವಾರ್ತೆ ಓದುವವನ ಮುಖ ಮೂಡಿತು; ನೇರವಾಗಿ ಅವಳನ್ನೇ ನೋಡಿದಂತೆ. ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹಿಂದೆ ಕುಳಿತವರು ನಕ್ಕರು, ನಾನೂ ನಕ್ಕೆ. ಆ ನಗು ಈಗ ನನ್ನನ್ನು ಚುಚ್ಚುತ್ತದೆ, ಏಕೆಂದರೆ ಇಂದು ಪರದೆ ನಿಜವಾಗಿಯೂ ನಮ್ಮನ್ನು ನೋಡುತ್ತದೆ. ಯಾವ ವಿಡಿಯೊದ ಮುಂದೆ ಎಷ್ಟು ಹೊತ್ತು ನಿಂತೆವು, ಯಾವುದನ್ನು ಬೆರಳಿನಿಂದ ಸರಿಸಿದೆವು ಎಂಬುದನ್ನು ಲೆಕ್ಕವಿಟ್ಟು, ಅದಕ್ಕೆ ತಕ್ಕಂತೆ ಮುಂದಿನದನ್ನು ಬಡಿಸುತ್ತದೆ. ಎರಡು ದಿನ ಒಂದೇ ಬಗೆಯದನ್ನು ನೋಡಿದರೆ ಮೂರನೆಯ ದಿನ ಅದೇ ನಮ್ಮ ರುಚಿ ಎಂದು ಅದು ತೀರ್ಮಾನಿಸುತ್ತದೆ. ತಿಂಗಳು ಕಳೆದರೆ ನಾವೂ ಹಾಗೆಯೇ ನಂಬುತ್ತೇವೆ. ಅಂಗಳದಲ್ಲಿ ಇಡೀ ಊರು ಒಂದನ್ನೇ ನೋಡುತ್ತಿತ್ತು, ಎದ್ದ ಮೇಲೆ ಕಟ್ಟೆಯ ಮೇಲೆ ಕುಳಿತು ಜಗಳವಾಡುತ್ತಿತ್ತು. ಈಗ ಒಂದೇ ಕೋಣೆಯಲ್ಲಿ, ಒಂದೇ ಶಹಾಬಾದ ಕಲ್ಲಿನ ನೆಲದ ಮೇಲೆ ಕುಳಿತ ನಾಲ್ವರ ಕೈಯಲ್ಲಿ ನಾಲ್ಕು ಲೋಕಗಳಿವೆ. ಇದು ಇಂಥದ್ದು, ನಿನಗೆ ಬೇಡ ಎಂದು ಜಗಳವಾಡಲು ಪಕ್ಕದವರಿಗೆ ನಾವು ನೋಡುತ್ತಿರುವುದೇ ಗೊತ್ತಿಲ್ಲ.

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು, ಪ್ರೇಕ್ಷಕರು ಪರದೆಯ ವ್ಯಕ್ತಿಗಳೊಂದಿಗೆ ಬೆಳೆಸಿಕೊಳ್ಳುವ ಆಪ್ತತೆಯ ಬಗ್ಗೆ ಬರೆದರು. ಕನ್ನಡದಲ್ಲಿ ಅದನ್ನು ‘ಒಮ್ಮುಖ ನಂಟು’ ಎನ್ನಬಹುದು: ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ಧಾರಾವಾಹಿಯ ಸೊಸೆಗಾಗಿ ಕಣ್ಣೀರು ಹಾಕಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಅಳುವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಓಣಿಯ ಎಷ್ಟೋ ಹೆಂಗಸರು ತಮ್ಮ ಮನೆಯ ಅನ್ಯಾಯಕ್ಕೆ ಹೆಸರಿಡಲು ಕಲಿತದ್ದು ಆ ಸೊಸೆಯ ಮಾತಿನಿಂದಲೇ.

ನನ್ನ ನೋವು ಇರುವುದು ಆ ಮಾತು ಯಾವ ಕನ್ನಡದಲ್ಲಿತ್ತು ಎಂಬಲ್ಲಿ. ಧಾರಾವಾಹಿಗಳ ಒಳ್ಳೆಯ ಸೊಸೆ, ಓದಿದ ಮಗ, ನ್ಯಾಯವಂತ ಮಾವ ಬಹುಮಟ್ಟಿಗೆ ಬೆಂಗಳೂರು, ಮೈಸೂರುಗಳ ಕನ್ನಡವನ್ನೇ ಆಡಿದರು. ನಮ್ಮ ಕಡೆಯ ಮಾತು ಪರದೆಗೆ ಬಂದಾಗ ಹೆಚ್ಚಿನ ಸಲ ನಗಿಸುವವನ ಬಾಯಿಂದ ಬಂತು. ವರ್ಷಗಟ್ಟಲೆ ಹಾಗೆ ಕೇಳಿದ ಮಗು ಏನು ಕಲಿಯುತ್ತದೆ? ‘ಹ್ಯಾಂಗ’ ಎನ್ನುವವನು ನಗೆಪಾಟಲಿನವನು, ‘ಹೇಗೆ’ ಎನ್ನುವವನು ಗೌರವಸ್ಥ. ನಾನು ಶಿಕ್ಷಕಿಯಾಗಿದ್ದಾಗ, ಮನೆಯ ಮಾತಿನಲ್ಲಿ ಸೊಗಸಾಗಿ ಕಥೆ ಹೇಳುವ ಹುಡುಗಿ ತರಗತಿಯಲ್ಲಿ ಎದ್ದು ನಿಂತರೆ ಮೂಕಿಯಾಗುತ್ತಿದ್ದುದನ್ನು ಕಂಡಿದ್ದೇನೆ. ಶಾಲೆಯೂ ಇದಕ್ಕೆ ಕಾರಣ, ನಾವು ಶಿಕ್ಷಕರೂ ಕಾರಣ. ಆದರೆ ನಾವು ಹಗಲು ಐದಾರು ಗಂಟೆ ಕಲಿಸಿದ ನಾಚಿಕೆಯನ್ನು ಪರದೆ ರಾತ್ರಿ ಮನೆಗೆ ಬಂದು ಗಟ್ಟಿ ಮಾಡುತ್ತಿತ್ತು.

ಇಲ್ಲಿ ಇನ್ನೊಂದು ಪದದ ಮಾತು ಬರುತ್ತದೆ. ‘ಪರದೆ’ ಫಾರಸಿಯಿಂದ ಬಂದದ್ದು. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಕಾಲದಿಂದ ಫಾರಸಿ ಈ ನೆಲದ ಆಡಳಿತದ ನುಡಿಯಾಗಿತ್ತು. ನಮ್ಮದೇ ಪದ ‘ತೆರೆ’: ಬೆಳ್ಳಿತೆರೆ, ಕಿರುತೆರೆ. ಮರೆಮಾಡುವ ಬಟ್ಟೆಯೂ ತೆರೆ, ಬಾಗಿಲು ತೆಗೆ ಎನ್ನುವುದಕ್ಕೂ ತೆರೆ. ಹಳಗನ್ನಡದಲ್ಲಿ ಇವು ಎರಡು ಬೇರೆ ಪದಗಳು. ತೆಗೆಯುವ ‘ತೆಱೆ’ಗೆ ಶಕಟರೇಫವಿತ್ತು, ಅಂದರೆ ‘ಱ’ ಎಂಬ ಇನ್ನೊಂದು ರಕಾರ. ಆ ಅಕ್ಷರ ಬಳಕೆ ತಪ್ಪಿದ ಮೇಲೆ ಎರಡೂ ಒಂದಾದವು. ಲೋಕವನ್ನು ತೆರೆದು ತೋರಿಸಿ, ನಮ್ಮ ದನಿಯ ಮೇಲೆ ತೆರೆ ಎಳೆದದ್ದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಬೇಕಿಲ್ಲ.

ಈಗ ಗಾಳಿ ಸ್ವಲ್ಪ ತಿರುಗಿದೆ. ಬೀದರ್, ಯಾದಗಿರಿ, ಕಲಬುರಗಿಯ ಹುಡುಗರು ಹೊಲದ ಬದುವಿನಲ್ಲಿ ನಿಂತು, ತೊಗರಿಯ ಬಗ್ಗೆ, ಮದುವೆಯ ಬಗ್ಗೆ ತಮ್ಮದೇ ಮಾತಿನಲ್ಲಿ ವಿಡಿಯೊ ಮಾಡಿ ಹಾಕುತ್ತಿದ್ದಾರೆ. ಎಲ್ಲವೂ ಚೆನ್ನಾಗಿಲ್ಲ, ಕೆಲವರು ಹಳೆಯ ನಗೆಗಾರನನ್ನೇ ಅನುಕರಿಸುತ್ತಾರೆ. ಕೆಲವರು ಮಾತ್ರ ನಿಧಾನವಾಗಿ, ಗಂಭೀರವಾಗಿ, ನಮ್ಮ ಮಾತಿನಲ್ಲಿ ಗಂಭೀರವಾಗಿರುವುದು ಸಹಜ ಎಂಬಂತೆ ಮಾತನಾಡುತ್ತಾರೆ. ಅಂಥವರನ್ನು ಕೇಳುವಾಗ ನನ್ನ ಬೆನ್ನು ನೆಟ್ಟಗಾಗುತ್ತದೆ.

ಕಳೆದ ಪಂಚಮಿಗೆ ನಾನು ಮೊಮ್ಮಗಳಿಗೆ ನರಿಯ ಕಥೆ ಹೇಳುತ್ತಿದ್ದುದನ್ನು ಮಗಳು ಮೊಬೈಲ್‌ನಲ್ಲಿ ಚಿತ್ರಿಸಿಕೊಂಡಳು. ಕಥೆಯಲ್ಲಿ ಆಡಿನ ಮರಿ ‘ಬ್ಯಾಡ, ಬ್ಯಾಡ’ ಎಂದು ಕೂಗುತ್ತದೆ. ಹುಡುಗಿ ಆ ವಿಡಿಯೊವನ್ನು ದಿನಕ್ಕೆ ನಾಲ್ಕು ಸಲ ಹಾಕಿಸಿಕೊಳ್ಳುತ್ತಾಳೆ, ಆಡಿನ ಮರಿಯೊಂದಿಗೆ ತಾನೂ ‘ಬ್ಯಾಡ, ಬ್ಯಾಡ’ ಎನ್ನುತ್ತಾಳೆ, ಥೇಟ್ ನನ್ನದೇ ಎಳೆತದಲ್ಲಿ. ಊಟಕ್ಕೆ ಕರೆದರೆ ಮೊಬೈಲ್‌ನಿಂದ ತಲೆ ಎತ್ತದೆ, ‘ಬೇಡ ಅಜ್ಜಿ’ ಎನ್ನುತ್ತಾಳೆ.